ಬ್ರೆಮೆನ್ನಿನ ಮೇಷ್ಟರು ಮತ್ತು ಕೆಂಪು ಕ್ಯಾನರಿ



ಎರಡು ವರ್ಷಗಳ ಹಿಂದೆ, ದಸರೆಯ ದಿನಗಳಲ್ಲಿ, ಬೆಂಗಳೂರಿನಲ್ಲಿ ನೆಲೆಸಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬನಿಂದ ದೂರವಾಣಿ ಕರೆ ಬಂದಿತು. ಆತ ಮನೆಯಲ್ಲಿ ಕ್ಯಾನರಿ ಹಕ್ಕಿಗಳನ್ನು ಸಾಕುತ್ತಾನೆ. ಹೆಚ್ಚಿನ ಬೆಲೆ ತೆತ್ತು ತಂದಿದ್ದ ಕೆಂಪು ಕ್ಯಾನರಿಯೊಂದು ಹಳೆಯ ಗರಿಗಳನ್ನು ಉದುರಿಸಿ ಹೊಸ ಗರಿ ತಳೆದಾಗ ಕೆಂಪಾಗಿರದೆ ಮಾಸಲು ಕಿತ್ತಳೆಯಾಗಿತ್ತಂತೆ. “ಬಣ್ಣ ಬಿಟ್ಟೈತ್ರಿ ಸರ್, ಮಾರಿದಾವ ಬಣ್ಣಾ ಹಚ್ಚಿ ಮಾರ್ಯಾನೇನ್ರಿ?” ಎಂದು ಕೇಳಿದನು. ಅವನ ಸಂಶಯ ಆಧಾರರಹಿತವೇನೂ ಅಲ್ಲ. ನಮ್ಮ ದೇಶದ ಹಕ್ಕಿಸಂತೆಗಳಲ್ಲಿ ರಾಟವಾಳಗಳಿಗೆ ಹಸಿರು ಬಣ್ಣ ಬಳಿದು ಮಾರಿದ್ದುಂಟು. (ರಾಟವಾಳವನ್ನು ಪಂಜರದಲ್ಲಿಡುವುದು ಈಗ ಕಾನೂನಿನ ದೃಷ್ಟಿಯಲ್ಲಿ ಅಪರಾಧ. ಕ್ಯಾನರಿ ಹೊರದೇಶದ ಸಾಕುಹಕ್ಕಿಯಾದ್ದರಿಂದ ಅದಕ್ಕೆ ಆ ಅಡ್ಡಿಯಿಲ್ಲ.) ಮೂರು ದಶಕ ಜೀವಶಾಸ್ತ್ರ ಬೋಧಿಸಿದ ನನಗೆ ಆ ಪ್ರಶ್ನೆಗೆ ಉತ್ತರ ತಿಳಿದಿರಲಿಲ್ಲ. ತಿಳಿದುಕೊಳ್ಳಹೊರಟಾಗ ನನ್ನಂತೆಯೇ ಪ್ರೌಢಶಾಲೆಯಲ್ಲಿ ಪಾಠ ಹೇಳುತ್ತಿದ್ದ ಜರ್ಮನಿಯ ಉಪಾಧ್ಯಾಯನೊಬ್ಬನ ಕಥೆ ದೊರೆಯಿತು. ಅದನ್ನು ಹೇಳುವ ಮುನ್ನ ಹಕ್ಕಿಯ ಪೂರ್ವೋತ್ತರವನ್ನು ಸ್ವಲ್ಪ ಹೇಳಬೇಕು.

ಕ್ಯಾನರಿಯು ಫಿಂಚ್ ಕುಲಕ್ಕೆ ಸೇರಿದ ಪುಟ್ಟ ಹಕ್ಕಿ. ಆಫ್ರಿಕಾದ ವಾಯವ್ಯ ಕರಾವಳಿಯಾಚೆಗಿನ ಕ್ಯಾನರಿ ದ್ವೀಪಗಳು, ಮಡೈರಾ ಮತ್ತು ಅಜೋರ್ಸ್ ಅದರ ತವರು. ಕಾಡಿನಲ್ಲಿ ಅದರ ಬಣ್ಣ ಹಸಿರು ಬೆರೆತ ಹಳದಿ, ಮೈಮೇಲೆ ಕಂದು ಗೆರೆಗಳು. 15ನೇ ಶತಮಾನದಲ್ಲಿ ಸ್ಪೇನಿನವರು ದ್ವೀಪಗಳನ್ನು ಗೆದ್ದ ಮೇಲೆ ಹಕ್ಕಿಯೂ ಯೂರೋಪಿಗೆ ಬಂದಿತು. ಅದನ್ನು ಒಲಿಸಿಕೊಂಡವರು ರಾಜಮಹಾರಾಜರಿಗಿಂತ ಹೆಚ್ಚಾಗಿ ಶ್ರಮಜೀವಿಗಳು: ಜರ್ಮನಿಯ ಹಾರ್ಜ್ ಬೆಟ್ಟಗಳ ಗಣಿಕಾರ್ಮಿಕರು, ಇಂಗ್ಲೆಂಡಿನ ನಾರಿಚ್ ಪಟ್ಟಣದ ನೇಕಾರರು, ಚಮ್ಮಾರರು. ಮಗ್ಗದ ಪಕ್ಕದಲ್ಲಿ ಒಂದು ಪಂಜರ ತೂಗುಬಿಟ್ಟರೆ ದುಡಿಮೆಯ ಬೇಸರ ನೀಗುತ್ತಿದ್ದಿತು. ಇಂದಿಗೂ ನಾರಿಚ್ಚಿನ ಫುಟ್‌ಬಾಲ್ ತಂಡಕ್ಕೆ ‘ಕ್ಯಾನರಿಗಳು’ ಎಂದೇ ಅಡ್ಡಹೆಸರು.

ಪಂಜರದ ಕ್ಯಾನರಿಗೆ ಬೇಲಿಯ ಮೇಲಿನ ಕಾಡುಫಿಂಚ್‌ಗಳನ್ನು ಜೊತೆಗೂಡಿಸಿದರೆ ಏನಾದೀತು ಎಂಬ ಕುತೂಹಲ ಬಹಳ ಹಳೆಯದು. ಕ್ಯಾನರಿಯನ್ನು ಒಂಬತ್ತು ಬೇರೆ ಬೇರೆ ಫಿಂಚ್‌ಗಳೊಡನೆ ಸಂಕರಗೊಳಿಸಿರುವುದನ್ನು ಡಾರ್ವಿನ್ 1859ರ ತನ್ನ ಗ್ರಂಥದಲ್ಲಿ ಉಲ್ಲೇಖಿಸಿದ್ದಾನೆ. ಹೀಗೆ ಹುಟ್ಟಿದ ಮರಿಗಳನ್ನು ಇಂಗ್ಲಿಷರು ‘ಮ್ಯೂಲ್’ ಎಂದರು, ಅಂದರೆ ಹೇಸರಗತ್ತೆ. ಎರಡು ಕಾಡುಫಿಂಚ್‌ಗಳಿಗೆ ಹುಟ್ಟಿದರೆ ಮಾತ್ರ ‘ಹೈಬ್ರಿಡ್’. ಈ ಭೇದವನ್ನು ಅವರು ಇಂದಿಗೂ ಬಿಟ್ಟಿಲ್ಲ.

ಮ್ಯೂಲ್ ಪಡೆಯುವುದು ತಾಳ್ಮೆಯ ಕೆಲಸ. ಗಂಡು ಗೋಲ್ಡ್‌ಫಿಂಚ್, ಹೆಣ್ಣು ಕ್ಯಾನರಿ, ಇದು ರೂಢಿಯ ಜೋಡಿ. ಕಾಡಿನ ಹೆಣ್ಣು ಪಂಜರದಲ್ಲಿ ಗೂಡು ಕಟ್ಟಲು ಹಿಂಜರಿಯುತ್ತದೆ, ಕ್ಯಾನರಿಗೆ ಆ ಸಂಕೋಚವಿಲ್ಲ. ಆದರೆ ಗೋಲ್ಡ್‌ಫಿಂಚ್ ಗಂಡು ಬೆದೆಗೆ ಬರುವುದು ತಡ, ಬಂದಮೇಲೂ ಕೆಲವೊಮ್ಮೆ ಮೊಟ್ಟೆಗಳನ್ನು ಕುಕ್ಕಿ ಒಡೆದುಹಾಕುತ್ತದೆ. ಆದ್ದರಿಂದ ಸಾಕುವವನು ಮುಂಜಾನೆಯೇ ಎದ್ದು, ಹೊಸದಾಗಿ ಇಟ್ಟ ಮೊಟ್ಟೆಯನ್ನು ತೆಗೆದು, ಅದರ ಜಾಗದಲ್ಲಿ ಹುಸಿಮೊಟ್ಟೆಯನ್ನಿಡುತ್ತಾನೆ. ನಾಲ್ಕು ಮೊಟ್ಟೆಗಳಾದ ಮೇಲೆ ಎಲ್ಲವನ್ನೂ ಒಟ್ಟಿಗೆ ಮರಳಿಸುತ್ತಾನೆ. ಹದಿಮೂರು ಹದಿನಾಲ್ಕು ದಿನಗಳಲ್ಲಿ ಮರಿಗಳು ಒಮ್ಮೆಗೇ ಒಡೆಯುತ್ತವೆ. ಅಷ್ಟಾಗಿ ಹುಟ್ಟುವುದು ಬಹುಪಾಲು ಕಂದುಬಣ್ಣದ ಮ್ಯೂಲ್‌ಗಳು. ತಾಯಿಯ ಹಳದಿ ಮೈಯಲ್ಲಿ ಒಂದೂ ಕಪ್ಪು ಗರಿಯಿಲ್ಲದೆ, ತಂದೆಯ ಕೆಂಪು ಮೋರೆಯ ನೆರಳು ಮಾತ್ರ ಉಳಿದ ಅಚ್ಚ ತಿಳಿಬಣ್ಣದ ಮರಿ ಜೀವಮಾನದಲ್ಲಿ ಒಂದು ದೊರೆತರೆ ಭಾಗ್ಯ. 19ನೇ ಶತಮಾನದ ಉತ್ತರಾರ್ಧದಲ್ಲಿ ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸಿನಲ್ಲಿ ಪಂಜರದ ಹಕ್ಕಿಗಳ ದೊಡ್ಡ ಪ್ರದರ್ಶನಗಳು ನಡೆಯುತ್ತಿದ್ದವು. ಅಂಥ ಪ್ರದರ್ಶನಗಳಲ್ಲಿ ಇಂತಹ ಹಕ್ಕಿಯೇ ಸಾಲಿನ ಕಣ್ಮಣಿ. ತೀರ್ಪುಗಾರರು ಗಾತ್ರ, ಗರಿಯ ನಯ, ಬಣ್ಣ, ನಿಲುವು ಎಲ್ಲವನ್ನೂ ತೂಗಿ ಅಂಕ ಕೊಡುತ್ತಿದ್ದರು.

ನನ್ನ ಮನಸ್ಸನ್ನು ಕಲಕಿದ ಸಂಗತಿ ಬೇರೆ. ಮ್ಯೂಲ್‌ಗಳು ಸಾಮಾನ್ಯವಾಗಿ ಬಂಜೆ. ಪದಕ ಗೆದ್ದ ಹಕ್ಕಿಗೆ ವಂಶವಿಲ್ಲ. ಸಾಕಿದವನು ಮರುವರ್ಷ ಮತ್ತೆ ಮೊದಲಿನಿಂದ ಆರಂಭಿಸಬೇಕು. ಈ ಬಂಜೆತನಕ್ಕೊಂದು ಕ್ರಮವಿದೆ. ಸಂಕರದಲ್ಲಿ ಒಂದು ಲಿಂಗದ ಮರಿಗಳು ಮಾತ್ರ ಬಂಜೆಯಾದರೆ ಅಥವಾ ಹುಟ್ಟದೇ ಹೋದರೆ, ಅದು ಎರಡು ಭಿನ್ನ ಲಿಂಗವರ್ಣತಂತುಗಳನ್ನುಳ್ಳ ಲಿಂಗವೇ ಆಗಿರುತ್ತದೆ ಎಂದು ಜೆ.ಬಿ.ಎಸ್. ಹಾಲ್ಡೇನ್ 1922ರಲ್ಲಿ ತೋರಿಸಿದರು. ಪಕ್ಷಿಗಳಲ್ಲಿ ಅದು ಹೆಣ್ಣು. ಇದೇ ಹಾಲ್ಡೇನ್ 1957ರಲ್ಲಿ ಭಾರತಕ್ಕೆ ಬಂದು, ಇಲ್ಲಿಯ ಪೌರತ್ವ ಪಡೆದು, 1964ರಲ್ಲಿ ಭುವನೇಶ್ವರದಲ್ಲಿ ತೀರಿಕೊಂಡರು. ಗಣಿಯ ವಿಷಾನಿಲವನ್ನು ಕಂಡುಹಿಡಿಯಲು ಸಣ್ಣ ಹಕ್ಕಿಗಳನ್ನು ಒಯ್ಯಬಹುದೆಂದು 1890ರ ದಶಕದಲ್ಲಿ ಸೂಚಿಸಿದವರು ಅವರ ತಂದೆ. ತಂದೆಗೂ ಮಗನಿಗೂ ಈ ಹಕ್ಕಿಗಳ ಋಣವಿದ್ದಿತೆಂದು ತೋರುತ್ತದೆ.

ಈಗ ಮೇಷ್ಟರ ಕಥೆ. ಹಾನ್ಸ್ ಡಂಕರ್ 1881ರಲ್ಲಿ ಹುಟ್ಟಿದವನು, ಬ್ರೆಮೆನ್ ನಗರದ ಶಾಲೆಯಲ್ಲಿ ಜೀವಶಾಸ್ತ್ರದ ಅಧ್ಯಾಪಕ. 1921ರಲ್ಲಿ ಒಂದು ದಿನ ಬೀದಿಯಲ್ಲಿ ನಡೆದುಹೋಗುತ್ತಿರುವಾಗ ನೈಟಿಂಗೇಲ್ ಪಕ್ಷಿಯ ಹಾಡು ಅವನ ಕಿವಿಗೆ ಬಿದ್ದಿತು. ಅದು ನೈಟಿಂಗೇಲ್ ಹಾಡುವ ಋತುವಲ್ಲ. ಹುಡುಕಿ ನೋಡಿದರೆ ಹಾಡುತ್ತಿದ್ದುದು ಕಾರ್ಲ್ ರೈಕ್ ಎಂಬ ವ್ಯಾಪಾರಿಯ ಮನೆಯ ಕ್ಯಾನರಿಗಳು. ರೈಕ್ ತನ್ನ ಕ್ಯಾನರಿ ಮರಿಗಳಿಗೆ ನೈಟಿಂಗೇಲಿನ ಹಾಡನ್ನು ಕೇಳಿಸಿ ಕೇಳಿಸಿ ಕಲಿಸಿದ್ದನು. ಮುಂದೆ ಕಲಿತ ಕ್ಯಾನರಿಗಳೇ ಎಳೆಯ ಮರಿಗಳಿಗೆ ಗುರುಗಳಾದವು.

ಶಾಲೆಯ ಮೇಷ್ಟರು ಮತ್ತು ಅಂಗಡಿಯ ಯಜಮಾನ ಕೂಡಿ ಕೆಲಸಕ್ಕಿಳಿದರು. ಮೆಂಡೆಲ್ಲನ ನಿಯಮಗಳು ಬಟಾಣಿಗೆ ಹೇಗೋ ಹಕ್ಕಿಯ ಬಣ್ಣಕ್ಕೂ ಹಾಗೆಯೇ ಅನ್ವಯಿಸುತ್ತವೆಂದು ಡಂಕರ್ ಲೆಕ್ಕವಿಟ್ಟು ತೋರಿಸಿದನು. ಬಳಿಕ ಅವನ ತಲೆಗೆ ಹೊಕ್ಕದ್ದು ಯಾರೂ ಕಾಣದ ಕೆಂಪು ಕ್ಯಾನರಿಯ ಕನಸು. ವೆನೆಜುವೆಲಾದಲ್ಲಿ ಕೆಂಪು ಸಿಸ್ಕಿನ್ ಎಂಬ ಫಿಂಚ್ ಇದೆ: ಕಪ್ಪು ತಲೆ, ಕೆಂಡದಂತಹ ಮೈ. ಅದರ ಗಂಡಿಗೂ ಹಳದಿ ಕ್ಯಾನರಿ ಹೆಣ್ಣಿಗೂ ಹುಟ್ಟಿದ ಮರಿಗಳು ತಾಮ್ರವರ್ಣದವು. ಅವುಗಳಲ್ಲಿ ಹೆಣ್ಣುಗಳು ಬಂಜೆ, ಕೆಲವು ಗಂಡುಗಳು ಮಾತ್ರ ಫಲವಂತ. ಆ ಗಂಡುಗಳನ್ನು ಮತ್ತೆ ಕ್ಯಾನರಿಗೆ ಜೋಡಿಸಿ, ಅದರ ಮರಿಯನ್ನು ಮತ್ತೊಮ್ಮೆ ಜೋಡಿಸಿ ಮುಂದುವರಿದರೆ, ಸಿಸ್ಕಿನ್ನಿನ ಕೆಂಪಿನ ಅಂಶವೊಂದೇ ಕ್ಯಾನರಿಯಲ್ಲಿ ಉಳಿದೀತೆಂಬುದು ಅವನ ಗಣಿತ. ಒಂದು ಪ್ರಭೇದದ ಗುಣವನ್ನು ಬೇರೊಂದು ಪ್ರಭೇದಕ್ಕೆ ಉದ್ದೇಶಪೂರ್ವಕವಾಗಿ ದಾಟಿಸುವ ಈ ಯೋಚನೆ 1920ರ ದಶಕಕ್ಕೆ ಎಷ್ಟು ಮುಂದಿನದು ಎಂಬುದನ್ನು ಜೀವಶಾಸ್ತ್ರ ಓದಿದವರು ಊಹಿಸಬಲ್ಲರು.

ಗಣಿತ ಸರಿಯಾಗಿಯೇ ಇದ್ದಿತು. ಆದರೆ ಹಕ್ಕಿಗಳು ಕಿತ್ತಳೆ ಬಣ್ಣಕ್ಕೆ ಬಂದು ನಿಂತವು, ಕೆಂಪಾಗಲಿಲ್ಲ. ಇನ್ನಷ್ಟು ತಲೆಮಾರು, ಇನ್ನಷ್ಟು ಆಯ್ಕೆ ಎಂದು ಆತ ವಂಶಾವಳಿಯ ಪುಟಗಳಲ್ಲೇ ಹುಡುಕಿದನು. ಕೊರತೆ ಇದ್ದದ್ದು ವಂಶದಲ್ಲಲ್ಲ, ಪಂಜರದ ಮೂಲೆಯ ಕಾಳಿನ ಬಟ್ಟಲಿನಲ್ಲಿ. ಫಿಂಚ್‌ಗಳ ಹಳದಿ, ಕೆಂಪು ಬಣ್ಣಗಳಿಗೆ ಮೂಲವಸ್ತು ಕ್ಯಾರೊಟಿನಾಯ್ಡ್. ಇದನ್ನು ಹಕ್ಕಿ ತಾನಾಗಿ ತಯಾರಿಸಲಾರದು, ತಿನ್ನುವ ಆಹಾರದಿಂದಲೇ ಪಡೆಯಬೇಕು. ಅನುವಂಶೀಯತೆ ಕೊಡುವುದು ಅದನ್ನು ಕೆಂಪಾಗಿಸುವ ಶಕ್ತಿಯನ್ನು ಮಾತ್ರ. ಹೊಸ ಗರಿ ಮೂಡುವ ವಾರಗಳಲ್ಲಿ ಅದು ಹೊಟ್ಟೆಗೆ ಸಾಕಷ್ಟು ಹೋಗದಿದ್ದರೆ ಎಂತಹ ವಂಶವಾದರೂ ಮಾಸಲೇ.

ವಿಚಿತ್ರವೆಂದರೆ, ಶಾಸ್ತ್ರ ಓದದ ಇಂಗ್ಲೆಂಡಿನ ಹಕ್ಕಿಸಾಕುವವರಿಗೆ ಇದರ ಒಂದು ತುದಿ ಐವತ್ತು ವರ್ಷ ಮೊದಲೇ ಸಿಕ್ಕಿತ್ತು. 1870ರ ದಶಕದ ಆರಂಭದಲ್ಲಿ ಕೆಲವು ನಾರಿಚ್ ಕ್ಯಾನರಿಗಳು ಹಿಂದೆಂದೂ ಕಾಣದ ಗಾಢ ಕಿತ್ತಳೆ ಬಣ್ಣದಲ್ಲಿ ಪ್ರದರ್ಶನಕ್ಕೆ ಬಂದು ಬಹುಮಾನಗಳನ್ನು ಬಾಚಿಕೊಂಡವು. ಬಣ್ಣ ಬಳಿದಿದ್ದಾರೆಂದು ಕೋಲಾಹಲವೆದ್ದಿತು, ಗರಿಗಳನ್ನು ಪರೀಕ್ಷಿಸಿದರು, ಬಣ್ಣ ಬಿಡಲಿಲ್ಲ. ಕೊನೆಗೆ ಗುಟ್ಟು ಹೊರಬಿದ್ದಿತು: ಮೆಣಸಿನಪುಡಿ! ಹಕ್ಕಿಗಳ ನಾಲಿಗೆಗೆ ಮೆಣಸಿನಕಾಯಿಯ ಖಾರ ತಟ್ಟುವುದಿಲ್ಲ. ಮುಂದೆ ಖಾರವಿಲ್ಲದ ಕೆಂಪು ಮೆಣಸನ್ನೇ ಹುಡುಕಿಕೊಂಡರು, ಬಣ್ಣದ ಆಹಾರ ತಿಂದ ಹಕ್ಕಿಗಳಿಗೆ ಪ್ರತ್ಯೇಕ ವರ್ಗವನ್ನೂ ಮಾಡಿದರು. ಖಾರ ಕಡಿಮೆ, ಬಣ್ಣ ಹೆಚ್ಚು ಎಂದರೆ ನಮ್ಮ ಬ್ಯಾಡಗಿ ಮೆಣಸಿನಕಾಯಿ ಯಾರಿಗೆ ನೆನಪಾಗದು! ಡಂಕರನ ತಳಿಗೆ ತಕ್ಕ ಆಹಾರ ಸೇರಿದ ಮೇಲೆಯೇ ನಿಜವಾದ ಕೆಂಪು ಬಂದಿತು. 1960ರ ದಶಕದಿಂದ ಕ್ಯಾಂಥಜಾಂಥಿನ್ ಎಂಬ ವರ್ಣದ್ರವ್ಯ ಬಳಕೆಗೆ ಬಂದಿತು.

ಇಲ್ಲಿ ಒಂದು ಮಾತನ್ನು ನಿಮ್ಮ ಮುಂದೆ, ವಿಶೇಷವಾಗಿ ನನ್ನ ಹಳೆಯ ವಿದ್ಯಾರ್ಥಿಗಳ ಮುಂದೆ, ಒಪ್ಪಿಕೊಳ್ಳಬೇಕು. ಬಿ.ಎಡ್. ತರಗತಿಯಲ್ಲಿ ‘ಅನುವಂಶೀಯತೆ ಮತ್ತು ಪರಿಸರ’ ಎಂಬ ಅಧ್ಯಾಯವಿದ್ದಿತು. ಪರೀಕ್ಷೆಯಲ್ಲಿ ಅದನ್ನೇ ಬರೆದು ಒಳ್ಳೆಯ ಅಂಕ ಪಡೆದವನು ನಾನು. ಕೆಲಸಕ್ಕೆ ಸೇರಿದ ಮೊದಲ ವರ್ಷಗಳಲ್ಲಿ, ಹಳ್ಳಿಯಿಂದ ನಡೆದು ಬರುತ್ತಿದ್ದ ಹುಡುಗನೊಬ್ಬ ಮಧ್ಯಾಹ್ನದ ಅವಧಿಯಲ್ಲಿ ದಿನವೂ ತೂಕಡಿಸುತ್ತಿದ್ದನು. ಅವನ ಅಣ್ಣನೂ ನನ್ನ ವಿದ್ಯಾರ್ಥಿಯಾಗಿದ್ದು ನಪಾಸಾಗಿದ್ದನು. “ನಿಮ್ಮ ವಂಶದ ಗುಣವೇ ಇದು, ತಿದ್ದಿದರೆ ತಿದ್ದೀತೇ?” ಎಂದು ಎಲ್ಲರೆದುರು ಹೇಳಿ ಅವನನ್ನು ಕೊನೆಯ ಬೆಂಚಿಗೆ ಕಳುಹಿಸಿದೆನು. ಅವನು ಬೆಳಿಗ್ಗೆಯೂ ಮಧ್ಯಾಹ್ನವೂ ಉಪವಾಸ ಇರುತ್ತಿದ್ದನೆಂಬುದು, ಎಸ್ಸೆಸ್ಸೆಲ್ಸಿಗೆ ಮುನ್ನವೇ ಅವನು ಶಾಲೆ ಬಿಟ್ಟ ಮೇಲೆ ನನಗೆ ತಿಳಿಯಿತು. ಪ್ರೌಢಶಾಲೆಗಳಿಗೆ ಬಿಸಿಯೂಟ ಇನ್ನೂ ಬಂದಿರದ ಕಾಲ ಅದು. ಅವನ ಹೆಸರು ನನಗೆ ಮರೆತಿಲ್ಲ. ಬರೆಯುವುದಿಲ್ಲ.

ಡಂಕರನ ತಪ್ಪು ಪಂಜರಕ್ಕೆ ಸೀಮಿತವಾಗಿ ಉಳಿಯಲಿಲ್ಲ. ಆತ ಬ್ರೆಮೆನ್ನಿನಲ್ಲಿ ‘ಜನಾಂಗ ನೈರ್ಮಲ್ಯ’ವೆಂಬ ಸಿದ್ಧಾಂತದ ಪ್ರಚಾರಕನಾದನು. ಹಕ್ಕಿಗಳಲ್ಲಿ ಬೇಡದ ಮರಿಯನ್ನು ತಳಿಯಿಂದ ಹೊರಗಿಡುವಂತೆ ಮನುಷ್ಯರಲ್ಲಿಯೂ ಮಾಡಬೇಕೆಂಬುದು ಆ ಸಿದ್ಧಾಂತದ ಸಾರ. ಅದನ್ನು ಕಾನೂನು ಮಾಡಿದವರು ನಾತ್ಸಿಗಳು. 1933ರ ಜುಲೈನಲ್ಲಿ ಅಂಗೀಕೃತವಾಗಿ 1934ರ ಜನವರಿ 1ರಿಂದ ಜಾರಿಗೆ ಬಂದ ಶಾಸನದ ಅಡಿಯಲ್ಲಿ ಸುಮಾರು 4 ಲಕ್ಷ ಮಂದಿಯನ್ನು ಬಲವಂತದಿಂದ ಸಂತಾನಹೀನರನ್ನಾಗಿಸಲಾಯಿತು. ಕ್ಯಾನರಿಗೂ ಹಾಡು ಕಲಿಕೆಯಿಂದ ಬರುತ್ತದೆಂಬುದನ್ನು ರೈಕನ ಮನೆಯಲ್ಲಿ ಕಣ್ಣಾರೆ ಕಂಡ ವ್ಯಕ್ತಿಯೇ ಹೀಗೆ ನಂಬಿದನು. ಈತನ ಬದುಕನ್ನು ಬ್ರಿಟನ್ನಿನ ಪಕ್ಷಿವಿಜ್ಞಾನಿ ಟಿಮ್ ಬರ್ಕ್‌ಹೆಡ್ 2003ರಲ್ಲಿ ಒಂದು ಪುಸ್ತಕವಾಗಿ ಬರೆದಿದ್ದಾರೆ. ಡಂಕರ್ ತೀರಿಕೊಂಡದ್ದು 1961ರಲ್ಲಿ.

ಬೆಲೆ ತೆತ್ತ ಇನ್ನೊಂದು ಜೀವವನ್ನೂ ಹೇಳದೆ ಹೋಗಬಾರದು. ಕೆಂಪು ಕ್ಯಾನರಿಯ ಮೋಹದಲ್ಲಿ ವೆನೆಜುವೆಲಾದ ಸಿಸ್ಕಿನ್‌ಗಳನ್ನು ಬಲೆ ಹಾಕಿ ಹಿಡಿದು ಹಿಡಿದು ಆ ಕುಲವೇ ಅಳಿವಿನ ಅಂಚಿಗೆ ಬಂದಿತು. 2000ದಲ್ಲಿ ಗಯಾನಾದ ದಕ್ಷಿಣದ ಹುಲ್ಲುಗಾವಲಿನಲ್ಲಿ, ಯಾರೂ ನಿರೀಕ್ಷಿಸದ ಜಾಗದಲ್ಲಿ, ಅದರ ಇನ್ನೊಂದು ನೆಲೆ ಪತ್ತೆಯಾಯಿತು. ಇತ್ತ 2016ರಲ್ಲಿ ವಿಜ್ಞಾನಿಗಳು ಕೆಂಪು ಕ್ಯಾನರಿಯ ಜೀನೋಮನ್ನು ಶೋಧಿಸಿ, ಸಿಸ್ಕಿನ್ನಿನಿಂದ ಬಂದ ಸಿವೈಪಿ2ಜೆ19 ಎಂಬ ಜೀನು ಹಳದಿ ಕ್ಯಾರೊಟಿನಾಯ್ಡನ್ನು ಕೆಂಪಾಗಿ ಮಾರ್ಪಡಿಸುತ್ತದೆಂದು ಕಂಡುಕೊಂಡರು. ಡಂಕರ್ ದಾಟಿಸಹೊರಟ ಅಂಶ ದಾಟಿಯೇ ಇದ್ದಿತು.

ನನ್ನ ವಿದ್ಯಾರ್ಥಿಗೆ ನಾನು ಹೇಳಿದ್ದಿಷ್ಟು: ಮಾರಿದವನದು ಮೋಸವೆನ್ನಲಾಗದು, ಹಕ್ಕಿಯೂ ಕೆಟ್ಟಿಲ್ಲ. ಮುಂದಿನ ಸಲ ಗರಿ ಉದುರಲು ಆರಂಭವಾದ ದಿನದಿಂದ ಹೊಸ ಗರಿ ಪೂರ್ತಿ ಬರುವವರೆಗೆ ತುರಿದ ಗಜ್ಜರಿ, ಬೇಯಿಸಿದ ಮೊಟ್ಟೆಯ ಜೊತೆಗೆ ಒಂದು ಚಿಟಿಕೆ ಮೆಣಸಿನಪುಡಿ ಕೊಡು. “ಬ್ಯಾಡಗೀದ ನಡೀತೈತೇನ್ರಿ ಸರ್?” ಎಂದನು. ನಡೆಯುತ್ತದೆ ಎಂದೆ.

ಕಳೆದ ಶ್ರಾವಣದ ಕೊನೆಯಲ್ಲಿ ಅವನು ಒಂದು ಚಿತ್ರ ಕಳುಹಿಸಿದ್ದನು. ಎದೆ, ಬೆನ್ನು ಕೆಂಪಾಗಿವೆ. ಬಾಲದ ಎರಡು ಗರಿಗಳು ಮಾತ್ರ ಇನ್ನೂ ಉದುರಿರಲಿಲ್ಲ. ಅವು ಹಿಂದಿನ ವರ್ಷದ ಮಾಸಲು ಬಣ್ಣದಲ್ಲೇ ಇದ್ದವು.