ಮಾನವ ಚಾಲಕ ನರಕೋಶದ ಪ್ರತಿವರ್ತನೆ: ಮಾಪನದ ಇತಿಹಾಸ

ಬೆನ್ನುಹುರಿಯಿಂದ ಸ್ನಾಯುಗಳಿಗೆ ಆಜ್ಞೆ ಒಯ್ಯುವ ಚಾಲಕ ನರಕೋಶವೊಂದು, ಸಂವೇದನಾ ನರಗಳ ಮೂಲಕ ಬರುವ ಪ್ರಚೋದನೆಗೆ ಎಷ್ಟು ಸುಲಭವಾಗಿ ಸ್ಪಂದಿಸುತ್ತದೆಂಬುದೇ ಅದರ ಪ್ರತಿವರ್ತನೆಯ ಉದ್ರೇಕಶೀಲತೆ. ಜಾನ್ ಎಕಲ್ಸ್ ಮತ್ತು ಸಂಗಡಿಗರು 1950ರ ದಶಕದ ಆರಂಭದಲ್ಲಿ ಬೆಕ್ಕಿನ ಬೆನ್ನುಹುರಿಯ ಕೋಶದೊಳಕ್ಕೇ ಸೂಕ್ಷ್ಮ ವಿದ್ಯುದಗ್ರವನ್ನು ತೂರಿಸಿ ಇದನ್ನು ನೇರವಾಗಿ ಅಳೆದರು. ಮನುಷ್ಯರಲ್ಲಿ ಅಂಥ ಪ್ರಯೋಗಕ್ಕೆ ಅವಕಾಶವಿಲ್ಲದ ಕಾರಣ ಪರೋಕ್ಷ ಉಪಾಯಗಳನ್ನೇ ಹುಡುಕಬೇಕಾಯಿತು.

ಜರ್ಮನಿಯ ಪಾಲ್ ಹಾಫ್‌ಮನ್ 1910ರಲ್ಲಿ ವರ್ಣಿಸಿದ ಉಪಾಯ ಇವುಗಳಲ್ಲಿ ಮೊದಲನೆಯದು. ಮೊಣಕಾಲಿನ ಹಿಂಬದಿಯ ನರಕ್ಕೆ ಲಘು ವಿದ್ಯುತ್ ಪ್ರಚೋದನೆ ಕೊಟ್ಟರೆ ಅದು ಬೆನ್ನುಹುರಿಗೆ ಹೋಗಿ, ಸುಮಾರು 30 ಮಿಲಿಸೆಕೆಂಡುಗಳಲ್ಲಿ ಮೀನಖಂಡದ ಸ್ನಾಯುವಿನಲ್ಲಿ ಸ್ಪಂದನವಾಗಿ ಕಾಣಿಸುತ್ತದೆ. ಎಚ್-ಪ್ರತಿವರ್ತನೆ ಎನಿಸಿದ ಇದು ಅನೇಕ ನರಕೋಶಗಳ ಒಟ್ಟು ಉತ್ತರವೇ ಹೊರತು ಬಿಡಿ ಕೋಶದ್ದಲ್ಲ.

ಬಿಡಿ ಕೋಶಕ್ಕೆ ದಾರಿ ತೆರೆದದ್ದು ಏಡ್ರಿಯನ್ ಮತ್ತು ಬ್ರಾಂಕ್ 1929ರಲ್ಲಿ ಬಳಕೆಗೆ ತಂದ ಸೂಜಿ ವಿದ್ಯುದಗ್ರ. ಒಂದು ನರಕೋಶ ಮತ್ತು ಅದರ ಹಿಡಿತದಲ್ಲಿರುವ ಸ್ನಾಯುತಂತುಗಳು ಸೇರಿ ಚಾಲಕ ಘಟಕವಾಗುತ್ತವೆ; ಕೋಶದ ಪ್ರತಿ ಮಿಡಿತಕ್ಕೂ ತಂತುಗಳು ತಪ್ಪದೆ ಮಿಡಿಯುವುದರಿಂದ, ಸ್ನಾಯುವಿಗೆ ಚುಚ್ಚಿದ ಸೂಜಿ ಬೆನ್ನುಹುರಿಯಲ್ಲಿ ನಡೆದದ್ದನ್ನೇ ದಾಖಲಿಸುತ್ತದೆ. ಇದನ್ನು ಆಧರಿಸಿ 1976ರಲ್ಲಿ ಸ್ಟೀಫನ್ಸ್, ಅಷರ್‌ವುಡ್ ಮತ್ತು ಗಾರ್ನೆಟ್, ಮರುವರ್ಷ ಆಶ್ಬಿ ಮತ್ತು ಲಾಬೆಲ್ ಹೊಸ ವಿಧಾನವನ್ನು ಪ್ರಕಟಿಸಿದರು. ವ್ಯಕ್ತಿಯು ಸ್ನಾಯುವನ್ನು ಮೆಲ್ಲಗೆ ಬಿಗಿಹಿಡಿದು ಘಟಕವೊಂದು ಒಂದೇ ಗತಿಯಲ್ಲಿ ಮಿಡಿಯುವಂತೆ ನೋಡಿಕೊಳ್ಳುತ್ತಿರುವಾಗ ನರಕ್ಕೆ ನೂರಾರು ಸಲ ಪ್ರಚೋದನೆ ಕೊಟ್ಟು, ಪ್ರತಿ ಪ್ರಚೋದನೆಯ ನಂತರ ಮಿಡಿತ ಯಾವ ಕ್ಷಣದಲ್ಲಿ ಬಂತೆಂಬುದನ್ನು ಸ್ತಂಭನಕ್ಷೆಯಲ್ಲಿ ಕೂಡಿಸಿದರೆ, ಅದರಲ್ಲಿ ಏಳುವ ಶಿಖರದ ಗಾತ್ರವು ಕೋಶಕ್ಕೆ ತಲುಪಿದ ಉತ್ತೇಜನದ ಬಲವನ್ನು ಸೂಚಿಸುತ್ತದೆ. ಜಾಣತನದ ಉಪಾಯವಾದರೂ ಇದು ನಿರ್ದೋಷವಲ್ಲ. ಶಿಖರದ ಹಿಂದೆಯೇ ಬರುವ ತಗ್ಗು, ಆಗತಾನೆ ಮಿಡಿದ ಕೋಶದ ಸಹಜ ವಿರಾಮವಿರಬಹುದಾದ್ದರಿಂದ ಅದನ್ನು ಪ್ರತಿಬಂಧವೆಂದು ಎಣಿಸುವುದು ತಪ್ಪಾದೀತೆಂದು ಕೆಮಾಲ್ ಟ್ಯೂರ್ಕರ್ 1990ರ ದಶಕದಲ್ಲಿ ವಾದಿಸಿ, ಮಿಡಿತಗಳ ಎಣಿಕೆಯ ಜೊತೆಗೆ ಅವುಗಳ ಆವೃತ್ತಿಯನ್ನೂ ಗುರುತಿಸುವ ನಕ್ಷೆಯನ್ನು ಮುಂದಿಟ್ಟರು. ಈ ಆಕ್ಷೇಪ ಗಟ್ಟಿಯಾದದ್ದು.

ಕರ್ನಾಟಕದಲ್ಲಿ ಚಾಲಕ ನರಕೋಶಗಳ ಅಧ್ಯಯನ ರೋಗನಿರ್ಣಯದ ಕಡೆಯಿಂದ ಬೆಳೆಯಿತು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ಎಂ. ಗೌರಿದೇವಿ ಮತ್ತು ಸಹೋದ್ಯೋಗಿಗಳು, ಹೆಚ್ಚಾಗಿ ಯುವಕರಲ್ಲಿ ಒಂದೇ ಕೈ ಅಥವಾ ಕಾಲು ಸೊರಗುವ ಕಾಯಿಲೆಯನ್ನು 1984ರಲ್ಲಿ ಮಾನೊಮೆಲಿಕ್ ಅಮಯೋಟ್ರೊಫಿ ಎಂಬ ಹೆಸರಿನಿಂದ ವರ್ಣಿಸಿದರು. ಬೆನ್ನುಹುರಿಯ ಮುಂಗೊಂಬಿನ ಚಾಲಕ ಕೋಶಗಳು ನಶಿಸುವ ಇಂಥ ಕಾಯಿಲೆಗಳನ್ನು ಗುರುತಿಸಲು ನೆರವಾಗುವುದೂ ಇದೇ ಬಗೆಯ ಸೂಜಿ ದಾಖಲೆ. ಬಿಡಿ ಕೋಶದ ಪ್ರತಿವರ್ತನೆಯ ಮಾಪನವಾದರೋ, ಬಹಳ ಹೊತ್ತನ್ನೂ ಪರೀಕ್ಷೆಗೊಳಗಾಗುವವರ ತಾಳ್ಮೆಯನ್ನೂ ಬೇಡುವ ಕಾರಣ ಮುಖ್ಯವಾಗಿ ಸಂಶೋಧನಾಲಯಗಳಲ್ಲೇ ಉಳಿದಿದೆ.