ಚಿತ್ರ ಹೊರುವ ಮರ

ಚಿತ್ರಕಾರನು ನಿಂತು ಬರೆಯಬೇಕೇ, ಕುಳಿತು ಬರೆಯಬೇಕೇ? ಪ್ರಶ್ನೆ ಕ್ಷುಲ್ಲಕವೆನಿಸಬಹುದು. ಆದರೆ ಯಾರನ್ನು ಕಲಾವಿದನೆನ್ನಬೇಕು, ಯಾರನ್ನು ಬರಿಯ ಕಸುಬುದಾರನೆನ್ನಬೇಕು ಎಂಬ ತೀರ್ಮಾನ ನಮ್ಮ ಧಾರವಾಡ ಸೀಮೆಯಲ್ಲಿ ಬಹುಮಟ್ಟಿಗೆ ಇದರೊಡನೆಯೇ ತಳುಕುಹಾಕಿಕೊಂಡಿದೆ.

ಚಿತ್ರವನ್ನು ಎತ್ತಿ ನಿಲ್ಲಿಸುವ ಮೂರು ಕಾಲಿನ ಮರದ ಚೌಕಟ್ಟಿಗೆ ಈಸೆಲ್ ಎಂದು ಹೆಸರು. ಡಚ್ ನುಡಿಯಲ್ಲಿ ಆ ಶಬ್ದಕ್ಕೆ ಕತ್ತೆ ಎಂದರ್ಥ. ಹೊರೆ ಹೊರುವ ಪ್ರಾಣಿಯ ಹೆಸರೇ ಚಿತ್ರ ಹೊರುವ ಮರಕ್ಕೂ ಬಂದಿತು. ಪುರಾಣ ಗ್ರಂಥವನ್ನು ಹೊರುವ ಮರದ ಆಸರೆಗೆ ವ್ಯಾಸಪೀಠವೆಂದು ಕರೆದ ನಮ್ಮವರು ಹೆಚ್ಚು ಉದಾರಿಗಳೆನ್ನಬೇಕು!

ಧಾರವಾಡ ಆಗ ಮುಂಬಯಿ ಪ್ರಾಂತದಲ್ಲಿತ್ತು. 1857ರಲ್ಲಿ ಆರಂಭವಾದ ಜೆ.ಜೆ. ಕಲಾಶಾಲೆಗೆ ಇಲ್ಲಿನ ತರುಣರು ಹೋದರು. ಅಲ್ಲಿ ಕಲಿತ ಡಿ.ವಿ. ಹಾಲಭಾವಿಯವರು ಧಾರವಾಡದಲ್ಲಿಯೇ ಕಲಾಶಾಲೆಯನ್ನು ಕಟ್ಟಿದರು. ಈಸೆಲ್ ಬಂದಲ್ಲಿ ಕೋಣೆಯೇ ಮಾರ್ಪಡುತ್ತದೆ. ಬೆಳಕು ಸ್ಥಿರವಾಗಿರಲೆಂದು ಉತ್ತರದ ಕಿಟಕಿ ಬೇಕು. ನಾಲ್ಕು ಹೆಜ್ಜೆ ಹಿಂದೆ ಸರಿದು ನೋಡಲು ಜಾಗ ಬೇಕು. ತೈಲವರ್ಣಕ್ಕೆ ಇದೆಲ್ಲ ಒಪ್ಪುತ್ತದೆ. ಜಲವರ್ಣದ ತೆಳುಲೇಪವಾದರೋ ನೆಟ್ಟಗೆ ನಿಂತ ಕಾಗದದ ಮೇಲೆ ಕೆಳಗಿಳಿದುಬಿಡುತ್ತದೆ. ಅದಕ್ಕೆ ಹಲಗೆ ಮಲಗಿರುವುದೇ ಲೇಸು.

ಈಗ ಕಲಘಟಗಿ ತಾಲೂಕಿನ ದುಮ್ಮವಾಡದಂಥ ಊರಿನ ಒಂದು ಮನೆಯನ್ನು ನೆನೆಯಿರಿ. ಅಲ್ಲಿ ಈಸೆಲ್ ಇರಲಾರದು, ನಿಜ. ಆದರೆ ಆ ತಾಲೂಕಿನ ಹೆಸರೆತ್ತಿದೊಡನೆ ನೆನಪಾಗುವುದೇ ಬಣ್ಣದ ತೊಟ್ಟಿಲು. ಸಾಗುವಾನಿ ಮರ, ಅರಗಿನ ಬಣ್ಣ. ಮಗ್ಗುಲ ಹಲಗೆಗಳ ಮೇಲೆ ಕೃಷ್ಣನ ಬಾಲಲೀಲೆ. ಮುಸಲ್ಮಾನರ ಮನೆಗೆ ಹೋಗುವ ತೊಟ್ಟಿಲಿಗೆ ಮೂರ್ತಿಗಳ ಬದಲು ಹೂಬಳ್ಳಿ. ನಾಲ್ಕು ಮಗ್ಗುಲಿನ ಈ ಚಿತ್ರವನ್ನು ಒಂದೇ ನೆಲೆಯಲ್ಲಿ ನಿಂತು ನೋಡಲಾಗದು. ತೊಟ್ಟಿಲೇ ಅದರ ಚೌಕಟ್ಟು, ತೊಟ್ಟಿಲೇ ಅದರ ಪ್ರದರ್ಶನದ ಪೀಠ. ತವರಿನಿಂದ ಬಂದ ಆ ತೊಟ್ಟಿಲನ್ನು ನಾಮಕರಣದ ದಿನ ಸುತ್ತುವರಿದು ಜೋಗುಳ ಹಾಡುವ ಹೆಂಗಳೆಯರಿಗಿಂತ ಒಳ್ಳೆಯ ಪ್ರೇಕ್ಷಕವರ್ಗ ಯಾವ ಕಲಾಮಂದಿರಕ್ಕೆ ದೊರೆತೀತು?

ಆದರೂ ಈಸೆಲ್ಲಿನ ಮೇಲೆ ನಿಂತದ್ದು ಕಲೆಯೆನಿಸಿತು. ತೊಟ್ಟಿಲ ಮೇಲಿನದು ಕರಕುಶಲವೆನಿಸಿತು. ಈ ವಿಭಾಗವನ್ನು ಬಣ್ಣವಾಗಲಿ ರೇಖೆಯಾಗಲಿ ಮಾಡಲಿಲ್ಲ. ಗೋಡೆಗೆ ತೂಗುಹಾಕಿ ಹೆಸರು ಬರೆಯಬಹುದಾದುದನ್ನೇ ಚಿತ್ರವೆನ್ನುವ ಅಭ್ಯಾಸ ಅದನ್ನು ಮಾಡಿತು. ಇದು ನನಗೆ ಅನ್ಯಾಯವೆಂದೇ ತೋರುತ್ತದೆ. ಹಾಲಭಾವಿಯವರಂಥವರ ಸಾಧನೆಯನ್ನು ಕಿರಿದುಮಾಡಲು ಈ ಮಾತನ್ನು ಹೇಳುತ್ತಿಲ್ಲ. ಅವರ ಶಾಲೆಯಿಲ್ಲದಿದ್ದರೆ ಈ ಭಾಗದ ಬಡ ಹುಡುಗರಿಗೆ ಮುಂಬಯಿ ದೂರವೇ ಉಳಿಯುತ್ತಿತ್ತು. ಆದರೆ ಕಲಘಟಗಿಯಲ್ಲಿ ತೊಟ್ಟಿಲು ಬರೆಯುವ ಮನೆತನಗಳು ಇಂದು ಬೆರಳೆಣಿಕೆಯಷ್ಟೇ ಉಳಿದಿವೆ. ಅವರ ಕೆಲಸದ ಜಗುಲಿಯನ್ನು ಚಿತ್ರಶಾಲೆಯೆಂದು ಕರೆದವರು ವಿರಳ.

ಕೂಸು ದೊಡ್ಡದಾದ ಮೇಲೆ ತೊಟ್ಟಿಲು ಅಟ್ಟವನ್ನೇರುತ್ತದೆ. ಮುಂದಿನ ಹೆರಿಗೆಯ ಸುದ್ದಿ ಬಂದಾಗ ಯಾರೋ ಅದನ್ನು ಇಳಿಸಿ, ಒದ್ದೆ ಬಟ್ಟೆಯಿಂದ ಧೂಳೊರೆಸುತ್ತಾರೆ. ಅಂಬೆಗಾಲಿಕ್ಕುವ ಕೃಷ್ಣ ಮತ್ತೆ ಕಾಣಿಸಿಕೊಳ್ಳುತ್ತಾನೆ.