ರನ್ನನ ಸಿಂಹಾವಲೋಕನ ಮತ್ತು ದುರ್ಯೋಧನ

ಆಶ್ರಯವಿತ್ತ ಅರಸನನ್ನು ಪುರಾಣದ ವೀರನೊಡನೆ ಒಂದಾಗಿಸಿ ಕಾವ್ಯ ಕಟ್ಟುವ ಪದ್ಧತಿ ಹತ್ತನೆಯ ಶತಮಾನದ ಕನ್ನಡ ಆಸ್ಥಾನಗಳಲ್ಲಿ ಬೇರೂರಿತ್ತು. 941ರಲ್ಲಿ ಪಂಪನು ವೇಮುಲವಾಡದ ಇಮ್ಮಡಿ ಅರಿಕೇಸರಿಯನ್ನು ಅರ್ಜುನನಲ್ಲಿ ಕಂಡು ‘ವಿಕ್ರಮಾರ್ಜುನ ವಿಜಯ’ವನ್ನು ರಚಿಸಿದನು. ಮುಧೋಳದ ಬಳೆಗಾರ ಮನೆತನದಲ್ಲಿ ಹುಟ್ಟಿದ ರನ್ನನು, 973ರಲ್ಲಿ ರಾಷ್ಟ್ರಕೂಟರನ್ನು ಸೋಲಿಸಿ ಚಾಲುಕ್ಯರ ಆಳ್ವಿಕೆಯನ್ನು ಮರಳಿ ನೆಲೆಗೊಳಿಸಿದ ತೈಲಪನ ಮಗ ಸತ್ಯಾಶ್ರಯ ಇರಿವಬೆಡಂಗನನ್ನು ಭೀಮನೊಡನೆ ಸಮೀಕರಿಸಿ, ‘ಗದಾಯುದ್ಧ’ವೆಂದೇ ಹೆಸರಾದ ‘ಸಾಹಸಭೀಮ ವಿಜಯ’ವನ್ನು ಬರೆದನು. ಎರಡೂ ಗದ್ಯಪದ್ಯಗಳು ಬೆರೆತ ಚಂಪೂ ಕಾವ್ಯಗಳೇ; ಆದರೆ ಪಂಪನು ಕಥೆಯನ್ನು ಮೊದಲಿನಿಂದ ಕಾಲಕ್ರಮದಲ್ಲಿ ಹೇಳಿಕೊಂಡು ಹೋದರೆ, ರನ್ನನು ಯುದ್ಧದ ಕೊನೆಯ ಘಟ್ಟವನ್ನಷ್ಟೇ ಎತ್ತಿಕೊಂಡು ಉಳಿದ ಭಾರತವನ್ನೆಲ್ಲ ಪಾತ್ರಗಳ ನೆನಪು, ನಿಂದೆ, ವಿಲಾಪಗಳೊಳಗೆ ತಂದನು. ನಡೆಯುವ ಸಿಂಹ ಆಗಾಗ ಹಿಂದಿರುಗಿ ನೋಡುವಂತೆ, ಮುಂದೆ ಸಾಗುತ್ತಲೇ ಕಳೆದುದನ್ನು ಕಾಣಿಸುವ ಈ ಕ್ರಮವನ್ನು ಕವಿಯೇ ಸಿಂಹಾವಲೋಕನವೆಂದು ಕರೆದಿದ್ದಾನೆ.

ಈ ಕ್ರಮದಿಂದ ಹೆಚ್ಚು ಬೆಳೆದವನು ನಾಯಕನಾದ ಭೀಮನಲ್ಲ, ಪ್ರತಿನಾಯಕನಾದ ದುರ್ಯೋಧನ. ಶರಶಯ್ಯೆಯಲ್ಲಿ ಮಲಗಿದ ಭೀಷ್ಮನನ್ನು ಕಾಣಲು ಅವನು ಸಂಜಯನೊಡನೆ ಕಾಲ್ನಡಿಗೆಯಲ್ಲಿ ರಣಭೂಮಿಯನ್ನು ದಾಟುವಾಗ ದ್ರೋಣ, ಅಭಿಮನ್ಯು, ಮಗ ಲಕ್ಷಣಕುಮಾರ, ತಮ್ಮ ದುಶ್ಶಾಸನ, ಗೆಳೆಯ ಕರ್ಣ ಇವರ ಹೆಣಗಳು ಎದುರಾಗುತ್ತವೆ. ವೈರಿಯ ಮಗನಾದ ಅಭಿಮನ್ಯುವಿನ ಶೌರ್ಯಕ್ಕೆ ತಲೆಬಾಗಿ ಅಂಥ ಸಾವು ತನಗೂ ಒದಗಲೆಂದು ಹಾರೈಸುವ ಈ ಮನುಷ್ಯ, ಗೆಲುವಿನ ದಿನಗಳಲ್ಲಿ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಕರ್ಣನ ಜನ್ಮರಹಸ್ಯ ತನಗೆ ಮೊದಲೇ ತಿಳಿದಿತ್ತೆಂದು ಹೆಣದ ಮುಂದೆ ಹೇಳಿಕೊಂಡಾಗಲಂತೂ ಅದುವರೆಗಿನ ಸ್ನೇಹಕ್ಕೆಲ್ಲ ಬೇರೆಯೇ ಅರ್ಥ ಹುಟ್ಟುತ್ತದೆ; ಪಾಂಡವರ ಅಣ್ಣನೆಂದು ಅರಿತೂ ಅವನನ್ನು ತನ್ನ ಪಕ್ಷದಲ್ಲಿ ಕಾದಲು ಬಿಟ್ಟದ್ದರಲ್ಲಿ ಸ್ವಾರ್ಥವೆಷ್ಟು, ನಂಬಿಕೆಯೆಷ್ಟು ಎಂಬುದನ್ನು ರನ್ನನು ಬಿಡಿಸಿ ಹೇಳುವುದಿಲ್ಲ, ಹೇಳದಿರುವುದೇ ಒಳ್ಳೆಯದಾಯಿತು.

ಧೃತರಾಷ್ಟ್ರ ಗಾಂಧಾರಿಯರು ಸಂಧಿ ಮಾಡಿಕೊಳ್ಳೆಂದು ಬೇಡಿದರೂ ಅವನು ಒಪ್ಪದೆ, ತನ್ನ ಹೋರಾಟ ನೆಲಕ್ಕಾಗಿ ಅಲ್ಲ, ಛಲಕ್ಕಾಗಿ ಎನ್ನುತ್ತಾನೆ. ಈ ಛಲದ ಬೇರು ಆ ಕಾಲದ ಯೋಧರ ನಡಾವಳಿಯಲ್ಲಿದೆ. ಉಂಡ ಅನ್ನದ ಋಣಕ್ಕೆ ಒಡೆಯನಿಗಾಗಿ ಪ್ರಾಣ ಕೊಡುವುದು ಜೋಳವಾಳಿ. ಹೊತ್ತು ಬಂದಾಗ ಸಾಯುವೆನೆಂದು ಮೊದಲೇ ನುಡಿಗೊಡುವುದು ವೇಳೆವಾಳಿ. ಹಾಗೆ ಮಡಿದವರ ವೀರಗಲ್ಲುಗಳು ಕರ್ನಾಟಕದ ಉದ್ದಗಲಕ್ಕೂ ನಿಂತಿವೆ. ಆಳು ಒಡೆಯನಿಗೆ ತೀರಿಸುವ ಈ ಋಣವನ್ನು ರನ್ನನ ಕಾವ್ಯದಲ್ಲಿ ಒಡೆಯನೇ ಆಳುಗಳಿಗೆ ತೀರಿಸುತ್ತಾನೆ, ತನಗಾಗಿ ಸತ್ತವರನ್ನು ಬಿಟ್ಟು ಬದುಕಲು ಒಲ್ಲೆನೆನ್ನುತ್ತಾನೆ.

ಬಿ.ಎಂ. ಶ್ರೀಕಂಠಯ್ಯನವರು ಗ್ರೀಕ್ ರುದ್ರನಾಟಕಗಳ ಕಣ್ಣಿನಿಂದ ಈ ಕಾವ್ಯವನ್ನು ಓದಿ, 1926ರಲ್ಲಿ ರನ್ನನ ಪದ್ಯಗಳಿಂದಲೇ ‘ಗದಾಯುದ್ಧ ನಾಟಕ’ವನ್ನು ರೂಪಿಸಿದ ಮೇಲೆ ದುರ್ಯೋಧನನು ದುರಂತನಾಯಕನೆಂಬ ತಿಳಿವಳಿಕೆ ವಿದ್ವಾಂಸರಲ್ಲೂ ತರಗತಿಗಳಲ್ಲೂ ನೆಲೆಯೂರಿತು. ಆ ಓದು ನ್ಯಾಯವಾದುದೇ ಆದರೂ ಅರ್ಧ ಮಾತ್ರ. ಅಷ್ಟೊಂದು ಸಾವುಗಳಿಗೆ ಮರುಗುವ ಅವನ ನೆನಪಿನಲ್ಲಿ ದ್ಯೂತಸಭೆಯ ದ್ರೌಪದಿಗಾಗಿ ಪಶ್ಚಾತ್ತಾಪವಿಲ್ಲ. ಆ ಸಭೆಯನ್ನು ನೆನೆಯುವವರು ಬೇರೆ, ಮತ್ತು ರನ್ನನು ಕಥೆಯನ್ನು ಅವರಿಂದಲೇ, ಬಿಚ್ಚಿದ ಮುಡಿಯ ದ್ರೌಪದಿ ಹಾಗೂ ಭೀಮರ ಸಂಭಾಷಣೆಯಿಂದಲೇ ತೊಡಗುತ್ತಾನೆ. ಆಸ್ಥಾನದ ಸಮೀಕರಣವನ್ನೂ ಅವನು ಮರೆತವನಲ್ಲ: ಕೊನೆಗೆ ಪಟ್ಟಾಭಿಷೇಕವಾಗುವುದು ಧರ್ಮರಾಜನಿಗಲ್ಲ, ಭೀಮನಿಗೆ.